ಮೊದಲು ಪೆನ್ಸಿಲ್ಲಿನಲ್ಲಿ ಬರೆಯಿರಿ

ಅಥವಾ ಆ ಮಾತನ್ನು ಪ್ರಹ್ಲಾದರಾವ್ ಬಸ್ಸಿನಲ್ಲಿ ಹೇಳಲೇ ಇಲ್ಲವೇನೋ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಹೇಳಿದರು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಕಿಟಕಿಯ ಕಡೆಗೆ ಮುಖ, ತೊಡೆಯ ಮೇಲೆ ಕೊಡೆ, ಕೊಡೆಯ ಹಿಡಿಕೆಯ ಮೇಲೆ ಎರಡೂ ಕೈ. "ಇನ್ನಾ ಪೆನ್ಸಿಲ್ಲಿನಾಗೇ ಅವ ಅಲ್ಲೇನ್ರಿ, ಸುನಂದಾಬಾಯಿ?" ಇಷ್ಟೇ. ಆದರೆ ಅದು ಜೂನ್ ತಿಂಗಳು, ಆ ವಾರ ಒಂದು ಹನಿಯೂ ಬಿದ್ದಿರಲಿಲ್ಲ, ಕೊಡೆ ಎಲ್ಲಿಂದ ಬಂತು? ಬಿಸಿಲಿಗೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಕಲಬುರಗಿಯವರು ಕೊಡೆ ಕೊಳ್ಳುವುದೇ ಬಿಸಿಲಿಗೆ. ಹೀಗೆ ಒಂದೊಂದು ಸಾಮಾನಿಗೂ ಸಮಾಧಾನ ಹುಡುಕಿ ಜೋಡಿಸುತ್ತ ಹೋದರೆ ಕೊನೆಗೆ ನನ್ನ ಕೈಯಲ್ಲಿ ಉಳಿಯುವುದು ನಾನೇ ಕಟ್ಟಿದ ಒಂದು ಬಸ್ಸು. ಅದರಲ್ಲಿ ಪ್ರಯಾಣ ಮಾಡಿದವರು ಯಾರೂ ಇಲ್ಲ.

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ನಿವೃತ್ತಿ ಹತ್ತಿರ ಬಂದಿದೆ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ವರ್ಷಗಳಲ್ಲಿ ಒಂದರ ಪುಟಕ್ಕೆ ನನ್ನ ಸೇವಾ ಪುಸ್ತಕದಲ್ಲಿ ಸಹಿ ಬಿದ್ದಿರಲಿಲ್ಲ. ಹೆಡ್ ಮಾಸ್ತರರು ಯಾವುದೋ ಸಭೆಗೆ ಹೋಗಿದ್ದರು, ಸ್ಟಾಫ್ ರೂಮಿಗೆ ಸುಣ್ಣ ಹೊಡೆಯುತ್ತಿದ್ದರು. "ಕಂಪ್ಯೂಟರ್ ರೂಮಿನಾಗ ಕೂಡ್ರಿ ಮೇಡಮ್, ಅಲ್ಲಿ ಫ್ಯಾನರ ತಿರುಗ್ತದ," ಎಂದು ಶಾಲೆಯ ಆಯಾ ಶರಣಮ್ಮ ಬೀಗ ತೆಗೆದಳು. ಬಾಗಿಲು ಸರಿದದ್ದೇ ತಡ, ಹಣ್ಣಾಗುತ್ತಿರುವ ಬಾಳೆಯ ವಾಸನೆ ಮುಖಕ್ಕೆ ಬಡಿಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣನ್ನು ಈಗ ಅಲ್ಲಿ ಇಡುತ್ತಾರೆ. ಬಾಗಿಲು ಗಟ್ಟಿ ಇದೆ, ಕಿಟಕಿಗೆ ಜಾಲರಿ ಇದೆ, ಇಲಿ ಬರುವುದಿಲ್ಲ. ಗೋಡೆಗುಂಟ ಹನ್ನೊಂದು ಕಂಪ್ಯೂಟರುಗಳು, ಹನ್ನೊಂದಕ್ಕೂ ಒಂದೇ ಹೂವಿನ ಬಟ್ಟೆಯ ಹೊದಿಕೆ. ಮೇಜಿನ ಮೇಲೆ, ಕೀಲಿಮಣೆ ಇರಬೇಕಾದ ಕಡೆ, ಬಾಳೆಯ ಚಿಪ್ಪುಗಳು.

ಶರಣಮ್ಮ ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಕಾಲಿನಿಂದ ಸರಿಸಿ, "ಇವು ನಿಮ್ ಕಾಲದ ಕಾಗದ ನೋಡ್ರಿ, ನಿಮ್ಮ ಅಕ್ಷರ ಅಂತ ಇಟ್ಟೀನಿ. ನಾಳಿ ರದ್ದಿಗಿ ಹಾಕ್ತೀವಿ," ಎಂದಳು. ಬಗ್ಗಿ ನೋಡಿದೆ. ಮೇಲೆಯೇ ಇತ್ತು ಆ ಕಟ್ಟು. ಒಂಬತ್ತನೆಯ ತರಗತಿ, ವಿಷಯ ಆಯ್ಕೆಯ ಫಾರ್ಮುಗಳು. ನಾನು ಕಟ್ಟಿದ ದಾರವೇ, ಎರಡು ಗಂಟು.

ಕಟ್ಟನ್ನು ಬಿಚ್ಚುವ ಮುಂಚೆ ಆ ವರ್ಷವನ್ನು ಹೇಳಬೇಕು. ಬಿಚ್ಚಿದ ಮೇಲೆ ನೆನಪಾದದ್ದು ಯಾವುದು, ಮುಂಚೆಯೇ ನೆನಪಿದ್ದದ್ದು ಯಾವುದು ಎಂದು ಬೇರೆ ಮಾಡಲು ಈಗ ಆಗುತ್ತಿಲ್ಲ. ಆದರೂ.

ಆ ಬೇಸಿಗೆಯ ರಜೆಯಲ್ಲಿ ಶಾಲೆಗೆ ಕಂಪ್ಯೂಟರ್ ಬಂದವು. ಇಪ್ಪತ್ತು ಎಂದಿದ್ದರು, ಬಂದದ್ದು ಹನ್ನೊಂದು. ಶಾಲೆ ಶುರುವಾದಾಗ ಹೆಡ್ ಮಾಸ್ತರರು ನಮ್ಮನ್ನು ಕರೆದು ಹೇಳಿದರು: ಒಂಬತ್ತನೆಯ ತರಗತಿಗೆ ಬಂದ ಮಕ್ಕಳು ಇನ್ನು ಮೂರನೆಯ ಭಾಷೆಯಾದ ಹಿಂದಿಯ ಬದಲಿಗೆ ಕಂಪ್ಯೂಟರ್ ವಿಷಯ ತೆಗೆದುಕೊಳ್ಳಬಹುದು. ಎರಡರಲ್ಲಿ ಒಂದು. ಹತ್ತನೆಯ ತರಗತಿಯ ಪರೀಕ್ಷೆಯವರೆಗೂ ಅದೇ. ಒಮ್ಮೆ ಇಲಾಖೆಯ ಜಾಲತಾಣಕ್ಕೆ ಏರಿಸಿದರೆ ಲಾಕ್, ಮತ್ತೆ ಬದಲಾಗುವುದಿಲ್ಲ. ಫಾರ್ಮು ತುಂಬಿಸುವ, ಏರಿಸುವ ಕೆಲಸ ನನಗೆ ಬಂತು. ಗಣಿತದವಳಿಗೆ ಕಂಪ್ಯೂಟರ್ ತಾನಾಗಿ ಬರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ನಾನು ಇಲ್ಲ ಎನ್ನಲಿಲ್ಲ. ಆ ವಯಸ್ಸಿನಲ್ಲಿ ಇಲ್ಲ ಎನ್ನುವುದಕ್ಕೂ ಒಂದು ಶಕ್ತಿ ಬೇಕಿತ್ತು. ದಿನಾ ಎರಡು ಬಸ್ಸು, ನಲವತ್ತೆರಡು ಡಿಗ್ರಿ ಬಿಸಿಲು, ಮನೆಗೆ ಬಂದು ರೊಟ್ಟಿ.

ಫಾರ್ಮುಗಳು ಎಣಿಸಿ ಬಂದಿದ್ದವು, ಮಗುವಿಗೊಂದು. ಕೆಟ್ಟರೆ ಬೇರೆ ಇರಲಿಲ್ಲ. ಆದ್ದರಿಂದ ನಮ್ಮ ಶಾಲೆಯ ಹಳೆಯ ಪದ್ಧತಿಯನ್ನೇ ಹೇಳಿದೆ: ಮೊದಲು ಪೆನ್ಸಿಲ್ಲಿನಲ್ಲಿ ಬರೆಯಿರಿ, ನಾನು ನೋಡಿ ಮೇಲೆ ಪೆನ್ನಿನಿಂದ ತಿದ್ದುತ್ತೇನೆ. ವರ್ಗಾವಣೆ ಪತ್ರದಿಂದ ಹಿಡಿದು ವಿದ್ಯಾರ್ಥಿವೇತನದ ಅರ್ಜಿಯವರೆಗೆ ನಾವು ಎಲ್ಲವನ್ನೂ ಹಾಗೇ ಮಾಡುತ್ತಿದ್ದೆವು. ಮಕ್ಕಳು ತಪ್ಪು ಮಾಡುತ್ತಾರೆ, ನಾವು ಮಾಡುವುದಿಲ್ಲ ಎಂಬ ನಂಬಿಕೆ. ಕೆಳಗೆ ಪಾಲಕರ ಸಹಿ ಮಾತ್ರ ಪೆನ್ನಿನಲ್ಲೇ ಆಗಬೇಕು. ಹೀಗಾಗಿ ಅರವತ್ತನಾಲ್ಕು ಮನೆಗಳಲ್ಲಿ ಅಪ್ಪಂದಿರು, ಅವ್ವಂದಿರು ಪೆನ್ನಿನಲ್ಲಿ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಮಕ್ಕಳ ಆಯ್ಕೆ ಪೆನ್ಸಿಲ್ಲಿನಲ್ಲಿ ಉಳಿಯಿತು. ಇದರಲ್ಲಿ ಏನಾದರೂ ಎಡವಟ್ಟಿದೆ ಎಂದು ಅರವತ್ತನಾಲ್ಕು ಮನೆಗಳಲ್ಲಿ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಆ ಒಂಬತ್ತನೆಯ ತರಗತಿಯಲ್ಲಿದ್ದ ತಬಸ್ಸುಮಳ ಅಪ್ಪ ಖಾಜಾಮಿಯಾ ಹೆದ್ದಾರಿಯ ಬದಿಗೆ ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ಹುಮನಾಬಾದ ಕಡೆಗೆ ಹೋಗುವ ಕಾರುಗಳು ಅವರ ಮುಂದೆ ನಿಲ್ಲುತ್ತಿದ್ದವು. ನಾವು ಬಸ್ಸಿನಿಂದ ಇಳಿಯುವ ಜಾಗವೂ ಅದೇ. ಒಂದು ಬೆಳಗ್ಗೆ ಅವರು ನನ್ನನ್ನು ತಡೆದರು.

"ಸಲಾಂ ಟೀಚರ್. ನಮ್ ಬೇಟಿ ಕಂಪ್ಯೂಟರ್ ಬೇಕಂತ ಗಂಟು ಬಿದ್ದಾಳ್ರಿ. ನಾ ಏನ್ ಮಾಡ್ಲಿ? ನಂಗ ಕೇಳಾ ಹಣ್ಣು ಗೊತ್ತು, ಕಾರಿನವ್ರ ಮಾರಿ ನೋಡಿ ರೇಟ್ ಹೇಳೂದು ಗೊತ್ತು. ಕಂಪ್ಯೂಟರ್ ಹೆಂಗ್ ಗೊತ್ತಾಗಬೇಕು?"

"ಆಕಿಗೆ ಹಿಂದಿನಾಗ ನೂರಕ್ಕ ನೂರು ಬರ್ತದಲ್ರಿ," ಎಂದೆ. ಇದು ನಾನು ಹೇಳಿದ್ದು ಖರೆ. ಇದನ್ನು ಮರೆಯಲು ಪ್ರಯತ್ನಿಸಿ ಆಗದೆ ಇರುವುದರಿಂದ ಖರೆ ಎನ್ನುತ್ತೇನೆ.

"ನಾನೂ ಅದೇ ಅಂದೆರಿ. ಹಿಂದಿ ಅಂದ್ರ ಘರ್ ಕೀ ಚೀಜ್, ಮನಿಯಾಗಿನ ಮಾತು, ಮುಫತ್ ಮಾರ್ಕು. ಆಕಿ ಏನಂದ್ಳು ಗೊತ್ತದೇನ್ರಿ? ಅಬ್ಬಾ, ಬರೂದನ್ನ ಮತ್ಯಾಕ ಕಲೀಬೇಕು ಅಂದ್ಳು!" ಖಾಜಾಮಿಯಾ ನಕ್ಕರು. ಮಗಳ ಮಾತಿಗೆ ಸೋತ ಅಪ್ಪನ ನಗು. ಒಂದು ಹಣ್ಣನ್ನು ನನ್ನ ಚೀಲಕ್ಕೆ ಹಾಕಿ, "ನೀವ್ ಹೆಂಗಂತೀರಿ ಹಂಗ," ಎಂದರು.

ನಾನು ಹೇಗೂ ಅನ್ನಲಿಲ್ಲ. ಗಂಟೆ ಹೊಡೆಯುವ ಹೊತ್ತಾಗಿತ್ತು.

ತಬಸ್ಸುಮ್ ಎರಡನೆಯ ಸಾಲಿನಲ್ಲಿ ಕೂಡುತ್ತಿದ್ದ ಹುಡುಗಿ. ಉದ್ದ ಕೈ, ಗಟ್ಟಿ ದನಿ. ಗಣಿತದಲ್ಲಿ ಹೆಚ್ಚಿನ ಹುಷಾರಿ ಏನಲ್ಲ, ಆದರೆ ಉತ್ತರ ತಪ್ಪಾದರೆ ತಪ್ಪು ಎಲ್ಲಿ ಆಯಿತು ಎಂದು ತಿಳಿಯುವ ತನಕ ಹಲಗೆಯ ಮುಂದಿನಿಂದ ಅಲುಗುತ್ತಿರಲಿಲ್ಲ. ಫಾರ್ಮು ತುಂಬುವ ದಿನ ಕೇಳಿದೆ: "ಯಾಕ ಬೇಕವ್ವ ನಿನಗ ಕಂಪ್ಯೂಟರ್?"

ಹಿಂದಿನಿಂದ ಯಾರೋ, "ವಿಡಿಯೋ ನೋಡ್ಲಾಕ ರೀ ಟೀಚರ್," ಎಂದರು. ತರಗತಿ ನಕ್ಕಿತು.

ಅವಳು ನಗಲಿಲ್ಲ. "ಮೊನ್ನೆ ಸ್ಕಾಲರ್‌ಶಿಪ್ ಅರ್ಜಿ ಹಾಕ್ಲಾಕ ಹೋಗಿದ್ವಿರಿ, ಆನ್‌ಲೈನ್ ಅಂಗಡಿಗಿ. ಅಬ್ಬಾ ಮೂರು ಸಲ ಕೇಳಿದ್ರು, ಏನ್ ಬರದೀರಿ ತೋರಸ್ರಿ ಅಂತ. ಆ ಪರದೆ ನಮ್ಮ ಕಡಿ ತಿರುಗಸಂಗಿಲ್ರಿ ಅವ್ರು. ನಾ ಆ ಕಡಿ ಕೂಡಬೇಕು."

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ರೈತ ಒಂದು ಕಡೆ, ದಲಾಲ ಒಂದು ಕಡೆ ನಿಲ್ಲುವ ತೊಗರಿಯ ಹರಾಜು ನೋಡಿದ್ದೇನೆ, ಕಚೇರಿಗಳಲ್ಲಿ ಮೇಜಿನ ಈ ಕಡೆ ನಿಂತು ಸವೆದಿದ್ದೇನೆ. ಪರದೆಗೂ ಎರಡು ಕಡೆ ಇವೆ ಎಂದು ಹದಿನಾಲ್ಕರ ಹುಡುಗಿ ಹೇಳಿದಾಗ ನನಗೆ ಏನನ್ನಿಸಿತು? ಬೆರಗಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ಅನ್ನಿಸಿದ್ದು ಬಹುಶಃ, ಇನ್ನೂ ನಲವತ್ತು ಫಾರ್ಮು ಬಾಕಿ ಇವೆ ಎಂದು. ಅವಳು ಕಂಪ್ಯೂಟರ್ ಎಂಬ ಪದದ ಮುಂದಿನ ಚೌಕಟ್ಟಿನಲ್ಲಿ ಪೆನ್ಸಿಲ್ಲಿನಿಂದ ರೈಟ್ ಗುರುತು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಇದನ್ನೂ ಖರೆ ಎಂದು ಬರೆಯಬಲ್ಲೆ. ಮೂರು ದಿನ ಬಿಟ್ಟು, ಅಪ್ಪನ ಉರ್ದು ಸಹಿಯೊಂದಿಗೆ, ಫಾರ್ಮು ಮರಳಿ ಬಂತು. ಆಗ ಆ ಗುರುತು ಎಲ್ಲಿತ್ತು? ನೋಡಲಿಲ್ಲ. ಸಹಿ ಇದೆಯೇ ಎಂದಷ್ಟೇ ನೋಡಿ ಕಟ್ಟಿಗೆ ಸೇರಿಸಿದೆ.

ಪ್ರಹ್ಲಾದರಾವ್ ನಮ್ಮ ಹಿಂದಿ ಮಾಸ್ತರರು. ಕಲಬುರಗಿ ಬಸ್ ನಿಲ್ದಾಣದಲ್ಲೇ ಹತ್ತಿ, ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ, ಗಂಜಿನ ಬಳಿ ನಾನು ಹತ್ತುವವರೆಗೂ ಅದನ್ನು ಕಾಯುತ್ತಿದ್ದರು. "ಮಾಸ್ತರ ಕರವಸ್ತ್ರಕ್ಕೂ ಅರ್ಧ ಟಿಕೀಟ್ ಹರೀಬೇಕಾಗ್ತದ," ಎಂದು ಕಂಡಕ್ಟರ್ ದಿನಾ ಅದೇ ಚೇಷ್ಟೆ ಮಾಡುತ್ತಿದ್ದ. ದಿನಾ ಅವರು ನಗುತ್ತಿದ್ದರು. ಮನೆಯಲ್ಲಿ ಹೆಂಡತಿಗೆ ಕಣ್ಣು ಹೋಗಿತ್ತು. ಬೆಳಗ್ಗೆ ಅನ್ನ, ಸಾರು ಮಾಡಿಟ್ಟು, ತಟ್ಟೆ ಎಲ್ಲಿದೆ, ತಂಬಿಗೆ ಎಲ್ಲಿದೆ ಎಂದು ಆಕೆಯ ಕೈ ಹಿಡಿದು ಮುಟ್ಟಿಸಿ ಬರುತ್ತಿದ್ದರು. ಅವರ ಬೆರಳಿಗೆ ಇಂಗಿನ ವಾಸನೆ ಇರುತ್ತಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಆಗ ಸ್ಟಾಫ್ ರೂಮಿನಲ್ಲಿ ಒಂದು ಸುದ್ದಿ ಹಬ್ಬಿತು. ಒಂಬತ್ತನೆಯ ತರಗತಿಯಲ್ಲಿ ಹಿಂದಿಗೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳು ಉಳಿದರೆ ಹಿಂದಿ ಮಾಸ್ತರರು ಹೆಚ್ಚುವರಿ, ಬೇರೆ ತಾಲೂಕಿಗೆ ಎತ್ತಿ ಹಾಕುತ್ತಾರೆ. ಇಂಥ ಆದೇಶವನ್ನು ಯಾರೂ ನೋಡಿರಲಿಲ್ಲ. ಎಲ್ಲರೂ ನೋಡಿದವರ ಹೆಸರು ಹೇಳುತ್ತಿದ್ದರು. ಪ್ರಹ್ಲಾದರಾಯರು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚತೊಡಗಿದರು. "ಚಿಂಚೋಳಿ ಕಡಿ ಹಾಕಿದ್ರ ದಿನಾ ಮನಿಗಿ ಬರ್ಲಿಕ್ಕೆ ಆಗಂಗಿಲ್ರಿ, ಸುನಂದಾಬಾಯಿ. ಆಕಿ ಒಲಿ ಮುಂದ ಒಬ್ಬಾಕಿನೇ ಹ್ಯಾಂಗ..." ಎಂದು ನಿಲ್ಲಿಸುತ್ತಿದ್ದರು. ಆ ವಾಕ್ಯವನ್ನು ಅವರು ಒಮ್ಮೆಯೂ ಪೂರ್ತಿ ಮಾಡಲಿಲ್ಲ.

ಅವರು ಮಕ್ಕಳ ಬಳಿ ಹೋಗಿ ಹಿಂದಿ ತೆಗೆದುಕೊಳ್ಳಿ ಎಂದು ಬೇಡಿದ್ದನ್ನು ನಾನು ಕಂಡಿಲ್ಲ. ಬೇಡಿರಬಹುದು. ತಬಸ್ಸುಮ್ ಅವರ ಪ್ರೀತಿಯ ವಿದ್ಯಾರ್ಥಿನಿ. ಅವಳ ನೋಟುಪುಸ್ತಕವನ್ನು ಎತ್ತಿ ಹಿಡಿದು, "ಬರವಣಿಗಿ ಅಂದ್ರ ಹಿಂಗಿರ್ಬೇಕು, ಹರಳು ಪೋಣಿಸಿದಂಗ," ಎಂದು ಬೇರೆ ತರಗತಿಗಳಿಗೂ ತೋರಿಸುತ್ತಿದ್ದರು.

ಫಾರ್ಮು ಎಲ್ಲ ಬಂದ ದಿನ ಹೆಸರು ಓದದೆ ಗುರುತುಗಳನ್ನಷ್ಟೇ ಎಣಿಸಿದ್ದೆ. ಮರುದಿನ ಬಸ್ಸಿನಲ್ಲಿ ಅವರು ಕೇಳದೆಯೇ ನಾನು ಬಾಯಿಬಿಟ್ಟೆ: "ಹಿಂದಿಗಿ ಹತ್ತೊಂಬತ್ತು ಆಗ್ಯಾವ್ರಿ ಸರ್." ಹೇಳಬಾರದಿತ್ತು. ಪಕ್ಕದಲ್ಲಿ ಕೂತವರ ಭಯವನ್ನು ದಿನಾ ನೋಡಿ ದಣಿದಿದ್ದೆ. ಹೇಳಿ ಹಗುರಾಗಬೇಕಿತ್ತು.

ಅವರು ಕಿಟಕಿಯ ಕಡೆಗೆ ತಿರುಗಿದರು. ಹೊರಗೆ ಉತ್ತು ಬಿಟ್ಟ ಕರಿಮಣ್ಣು, ಬಿತ್ತನೆಗೆ ಮಳೆ ಕಾಯುತ್ತ ಬಿರುಕು ಬಿಟ್ಟದ್ದು. ಬಾಳೆತೋಟದ ಹರಿದ ಎಲೆಗಳು. ಆಮೇಲೆ ಆ ಮಾತು. ಇನ್ನೂ ಪೆನ್ಸಿಲ್ಲಿನಲ್ಲೇ ಇವೆ ಅಲ್ಲವೇ?

ಅಂದೇ ಮಧ್ಯಾಹ್ನ ನಾನು ಫಾರ್ಮುಗಳ ಮೇಲೆ ಪೆನ್ನು ಆಡಿಸಿದೆ. ಕರೆಂಟ್ ಹೋಗಿತ್ತು. ಬೆವರಿನ ಕೈ ಕಾಗದಕ್ಕೆ ಅಂಟಬಾರದೆಂದು ಕೆಳಗೆ ಕರವಸ್ತ್ರ ಇಟ್ಟುಕೊಂಡಿದ್ದೆ. ಯಾರ ಕರವಸ್ತ್ರ? ಅರ್ಧ ಕಟ್ಟು ಮುಗಿದಾಗ ಏಳನೆಯ ಪೀರಿಯಡ್ ಬಂತು, ಫಾರ್ಮುಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟು ಹೋದೆ. ಮರಳಿ ಬಂದಾಗ ಪ್ರಹ್ಲಾದರಾಯರು ಕಿಟಕಿಯ ಬಳಿ ನಿಂತಿದ್ದರು, ಅಥವಾ ಕೂತಿದ್ದರು, ಅಥವಾ ಅಲ್ಲಿ ಇರಲೇ ಇಲ್ಲ. ಮೇಜಿನ ಮೇಲೆ ರಬ್ಬರಿನ ಪುಡಿ ಇತ್ತು. ಅದು ಇತ್ತು. ಆದರೆ ಆ ಮೇಜಿನ ಮೇಲೆ ರಬ್ಬರಿನ ಪುಡಿ ಇಲ್ಲದ ದಿನವನ್ನೇ ನಾನು ಕಂಡಿಲ್ಲ. ನಾನು ಉಳಿದ ಅರ್ಧಕ್ಕೂ ಶಾಯಿ ಆಡಿಸಿದೆ, ಒಂದರ ಮೇಲೊಂದು, ಎಲ್ಲಿ ಪೆನ್ಸಿಲ್ ಇತ್ತೋ ಅಲ್ಲಿ. ಹೆಸರುಗಳನ್ನು ಓದಿದೆನೇ? ಓದಿರಬೇಕು. ಓದದೆ ಇರಲು ಸಾಧ್ಯವೇ? ಒಂದು ಫಾರ್ಮಿನ ಹತ್ತಿರ ಕೈ ಒಂದು ಕ್ಷಣ ನಿಂತಂತೆ ನೆನಪು. ಆದರೆ ಈ ನೆನಪು ಇತ್ತೀಚೆಗೆ ಬಂದದ್ದು. ಮೊದಲ ಕೆಲವು ವರ್ಷ ಇರಲಿಲ್ಲ.

ಅದೇ ಸಂಜೆ ಹೆಡ್ ಮಾಸ್ತರರ ಕೋಣೆಯಲ್ಲಿ ಕೂತು ಏರಿಸಿದ್ದಾಯಿತು. ಹಿಂದಿ, ಇಪ್ಪತ್ತು. ಎರಡು ದಿನದ ಮೇಲೆ ಪಟ್ಟಿಯನ್ನು ಗೋಡೆಗೆ ಅಂಟಿಸಿದೆವು.

ತಬಸ್ಸುಮ್ ಸ್ಟಾಫ್ ರೂಮಿನ ಹೊಸ್ತಿಲಲ್ಲಿ ನಿಂತಳು. "ಟೀಚರ್, ನನ್ನ ಹೆಸರು ಹಿಂದಿನಾಗ ಬಂದದರಿ. ನಾ ಕಂಪ್ಯೂಟರಿಗಿ ಹಾಕಿದ್ದೆರಿ."

ಕಟ್ಟು ತೆಗೆದು ಅವಳ ಫಾರ್ಮನ್ನು ಹುಡುಕಿ ಮುಂದೆ ಹಿಡಿದೆ. ಹಿಂದಿಯ ಚೌಕಟ್ಟಿನಲ್ಲಿ ನನ್ನ ಕಪ್ಪು ಶಾಯಿಯ ರೈಟ್. ಕಂಪ್ಯೂಟರಿನ ಚೌಕಟ್ಟು ಖಾಲಿ. ಕೆಳಗೆ ಅಪ್ಪನ ಸಹಿ. "ಇದು ನಿಮ್ ಅಬ್ಬಾನ ಸಹಿ ಹೌದಿಲ್ಲೋ?" ಎಂದು ಕೇಳಿದೆ. ನನ್ನ ದನಿಯಲ್ಲಿ ಕಚೇರಿಯ ಗುಮಾಸ್ತನ ದನಿ ಕೇಳಿತು.

"ಹೌದ್ರಿ."

"ಮತ್ತ?"

ಅವಳು ಫಾರ್ಮನ್ನು ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ಪ್ರಹ್ಲಾದರಾಯರನ್ನು ನೋಡಿದಳು. ಅಂದು ಏಕಾದಶಿ, ಅವರದು ಉಪವಾಸ. ಅವರು ತಲೆ ಎತ್ತಲಿಲ್ಲ. ಸಿಪ್ಪೆಯನ್ನು ಒಂದೊಂದಾಗಿ ಕಾಗದದ ಮೇಲೆ ಇಡುತ್ತಿದ್ದರು. ಇಷ್ಟು ನಿಧಾನವಾಗಿ ಶೇಂಗಾ ಸುಲಿದವರನ್ನು ನಾನು ನೋಡಿಲ್ಲ.

"ನಾನೇ ಅಳಿಸಿರಬೇಕ್ರಿ ಟೀಚರ್," ಎಂದಳು. "ಮರ್ತಿರಬೇಕು."

ತಪ್ಪು ಎಲ್ಲಿ ಆಯಿತು ಎಂದು ತಿಳಿಯುವ ತನಕ ಹಲಗೆಯ ಮುಂದಿನಿಂದ ಅಲುಗದ ಹುಡುಗಿ ಅದು. ಹೊಸ್ತಿಲಿಂದ ತಿರುಗಿ ಹೋದಳು.

"ತಡಿ, ನಾ ನೋಡ್ತೀನಿ. ಕಲಬುರಗಿ ಆಫೀಸಿಗಿ ಹೋಗಿ ಕೇಳ್ತೀನಿ," ಎಂದು ಹಿಂದಿನಿಂದ ಕೂಗಿದೆ. ಹೋದೆನೇ? ಹೋದೆ ಎಂಬುದು ನನ್ನ ನೆನಪು. ಕಚೇರಿಯ ಮೆಟ್ಟಿಲು ನೆನಪಿದೆ, ಮೇಜಿನವರು ಊಟಕ್ಕೆ ಹೋಗಿದ್ದರು, ಕುರ್ಚಿಯ ಬೆನ್ನಿಗೆ ಟವೆಲ್ ಇತ್ತು. ಆದರೆ ಅದೇ ಮೆಟ್ಟಿಲು, ಅದೇ ಟವೆಲ್ಲು ನನ್ನ ವೇತನ ಬಡ್ತಿಯ ಕೆಲಸಕ್ಕೆ ಹೋದಾಗಲೂ ಇದ್ದವು. ಎರಡು ಸಲ ಹೋದೆನೋ, ಒಂದೇ ಸಲ ಹೋಗಿ ಅದನ್ನು ಎರಡು ಮಾಡಿಕೊಂಡೆನೋ. ಮನೆಗೆ ಬರುವ ದಾರಿಯಲ್ಲಿ ಐವಾನ್-ಎ-ಶಾಹಿ ಅತಿಥಿಗೃಹದ ಮರಗಳ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಅದಂತೂ ನಿಜ, ಚಪ್ಪಲಿ ಹರಿದಿತ್ತು.

ಮಳೆ ಜುಲೈನಲ್ಲಿ ಬಂತು. ತೊಗರಿ ಮೊಳೆಯಿತು. ಹಿಂದಿ ಪೀರಿಯಡ್ಡೂ ಕಂಪ್ಯೂಟರ್ ಪೀರಿಯಡ್ಡೂ ಒಂದೇ ಹೊತ್ತಿಗೆ, ಪಕ್ಕಪಕ್ಕದ ಕೋಣೆಯಲ್ಲಿ. ಈ ಕಡೆ ಇಪ್ಪತ್ತು ಮಕ್ಕಳು ಕಂಠಪಾಠ ಮಾಡುವ ಸದ್ದು, ಆ ಕಡೆ ಕೀಲಿಮಣೆಯ ಟಕಟಕ. ಕಲಿಸಲು ಕಲಬುರಗಿಯಿಂದ ಒಬ್ಬ ತರಬೇತುದಾರ ಬರುತ್ತಿದ್ದ. ಒಂದು ಯಂತ್ರಕ್ಕೆ ನಾಲ್ಕು ಮಕ್ಕಳು. ಒಬ್ಬರು ಮುಟ್ಟುವುದು, ಮೂವರು ನೋಡುವುದು. ದೀಪಾವಳಿಯ ಹೊತ್ತಿಗೆ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೋದ. ಬೇರೆಯವರು ಬರಲಿಲ್ಲ. ಆ ಪೀರಿಯಡ್ ನನ್ನ ಕೊರಳಿಗೆ ಬಿತ್ತು.

ನನಗೆ ಏನು ಗೊತ್ತಿತ್ತು? ಪುಸ್ತಕ ಓದಿಸಿದೆ. ಕೀಲಿಮಣೆಯ ಚಿತ್ರವನ್ನು ನೋಟುಪುಸ್ತಕದಲ್ಲಿ ಬರೆಸಿದೆ, ಅದರ ಮೇಲೆ ಬೆರಳು ಇಟ್ಟು ಅಭ್ಯಾಸ ಮಾಡಿಸಿದೆ. ಚಿತ್ರ ಚೆನ್ನಾಗಿ ಬಂದವರಿಗೆ 'ಗುಡ್' ಎಂದು ಬರೆದೆ. ಕರೆಂಟ್ ಇದ್ದ ದಿನ ಒಂದೆರಡು ಯಂತ್ರ ಹಚ್ಚುತ್ತಿದ್ದೆ. ಅಂಥ ಒಂದು ದಿನ ಮಕ್ಕಳು ಅರ್ಧ ತಾಸು ಕೂತು ಒಂದು ಅರ್ಜಿ ಟೈಪ್ ಮಾಡಿದರು. ಅದನ್ನು ಉಳಿಸುವುದು ಹೇಗೆ ಎಂದು ನನಗೂ ತಿಳಿಯದು, ಅವರಿಗೂ ತಿಳಿಯದು. ಪುಸ್ತಕ ತಿರುವಿ ಹಾಕುತ್ತಿದ್ದೆ. ಕಿಟಕಿಯ ಜಾಲರಿಯ ಆಚೆಯಿಂದ ದನಿ ಬಂತು.

"ಕಂಟ್ರೋಲ್ ಒತ್ತಿ ಹಿಡ್ದು ಎಸ್ ಒತ್ರಿ, ಟೀಚರ್."

ಹಿಂದಿ ಕೋಣೆಯಿಂದ ನೀರು ಕುಡಿಯಲು ಬಂದವಳು, ತಬಸ್ಸುಮ್. ಒತ್ತಿದೆವು. ಉಳಿಯಿತು.

"ನಿಂಗ ಹ್ಯಾಂಗ ಗೊತ್ತು?"

"ಆ ಸರ್ ಇದ್ದಾಗ ಹೇಳ್ತಿದ್ರಲ್ರಿ. ಗ್ವಾಡಿ ಆಚಿ ಕೇಳ್ತದ."

ಕೋಣೆಯಲ್ಲಿದ್ದ ಮಕ್ಕಳು ಹೋ ಎಂದು ನಕ್ಕರು. "ಏ, ಗ್ವಾಡಿ ಹಿಂದಿನ ಕಂಪ್ಯೂಟರ್!" ಎಂದರು. ಅವಳೂ ನಕ್ಕಳು. ನಾನೂ ನಕ್ಕಿರಬೇಕು. ಒಳಗೆ ಬಾ ಎಂದು ಕರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಕರೆಯಲಿಲ್ಲ. ಯಾಕೆ ಎಂದರೆ, ಕರೆದಿದ್ದರೆ ಆ ಫಾರ್ಮು ತಪ್ಪು ಎಂದು ನಾನು ಒಪ್ಪಿಕೊಂಡ ಹಾಗಾಗುತ್ತಿತ್ತು ಎಂದು ಈಗ ಬರೆಯಬಲ್ಲೆ. ಆಗ ಇಷ್ಟೆಲ್ಲ ಯೋಚಿಸಿದ್ದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಸುಮ್ಮನೆ ಗಂಟೆ ಹೊಡೆದಿರಬಹುದು.

ಇಪ್ಪತ್ತರ ಆ ಆದೇಶ ಬರಲೇ ಇಲ್ಲ. ಅಂಥದ್ದೊಂದು ಇರಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಮುಂದಿನ ವರ್ಷದ ಒಂಬತ್ತನೆಯ ತರಗತಿಯಲ್ಲಿ ಹಿಂದಿಗೆ ಹದಿಮೂರೇ ಮಕ್ಕಳು, ಯಾರೂ ಯಾರನ್ನೂ ಎತ್ತಿ ಹಾಕಲಿಲ್ಲ. ಪ್ರಹ್ಲಾದರಾಯರು ಅದೇ ಶಾಲೆಯಲ್ಲಿ ನಿವೃತ್ತರಾದರು. ಕಂಪ್ಯೂಟರಿನ ಯುಪಿಎಸ್ ಬ್ಯಾಟರಿಗಳು ಉಬ್ಬಿ ಕೆಟ್ಟವು. ತಬಸ್ಸುಮ್ ಹತ್ತನೆಯ ತರಗತಿಯಲ್ಲಿ ಹಿಂದಿಗೆ ನೂರಕ್ಕೆ ನೂರು ತೆಗೆದಳು. ಪ್ರಹ್ಲಾದರಾಯರು ಸ್ಟಾಫ್ ರೂಮಿಗೆಲ್ಲ ಪೇಢೆ ಹಂಚಿದರು, ನನ್ನ ಕೈಗೆ ಎರಡು ಇಟ್ಟರು. ಅವಳು ಕಳೆದುಕೊಂಡದ್ದು ಏನು ಎಂದು ಲೆಕ್ಕ ಹಾಕಲು ಕೂತರೆ ಹನ್ನೊಂದು ಕೆಟ್ಟ ಯಂತ್ರ, ಒಂದು ಕೀಲಿಮಣೆಯ ಚಿತ್ರ. ಹೀಗೆ ಯೋಚಿಸಿದಾಗೆಲ್ಲ ನನಗೆ ಸ್ವಲ್ಪ ನಿದ್ದೆ ಬರುತ್ತದೆ. ಆಮೇಲೆ ಹೊಸ್ತಿಲು ನೆನಪಾಗುತ್ತದೆ. ಮರೆತಿರಬೇಕು ಎಂದು ಅವಳ ಬಾಯಿಂದ ಹೇಳಿಸಿದೆವು. ಹಾಗೆ ಹೇಳಿಸಿದ್ದಕ್ಕೆ ಯಾವ ಬೆಲೆ ಎಂದು ನನ್ನ ಗಣಿತಕ್ಕೆ ಸಿಗುತ್ತಿಲ್ಲ.

ಬಾಳೆಹಣ್ಣಿನ ವಾಸನೆಯ ಕೋಣೆಯಲ್ಲಿ ಕೂತು ನಾನು ಕಟ್ಟನ್ನು ಬಿಚ್ಚಿದೆ. ಅವಳ ಫಾರ್ಮು ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಕಂಪ್ಯೂಟರಿನ ಚೌಕಟ್ಟಿನಲ್ಲಿ ಕಾಗದ ತುಸು ಒರಟಾಗಿತ್ತು, ನೂಲೆದ್ದ ಹಾಗೆ. ಸಿಕ್ಕಿತು ಎಂದುಕೊಂಡೆ. ಆಮೇಲೆ ಉಳಿದ ಫಾರ್ಮುಗಳನ್ನೂ ಬೆಳಕಿಗೆ ಹಿಡಿದೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಾಗೇ ನೂಲೆದ್ದಿತ್ತು. ಮಕ್ಕಳು ಹಾಕಿದ್ದರು, ಅಳಿಸಿದ್ದರು, ಮತ್ತೆ ಹಾಕಿದ್ದರು. ಗೆಳೆಯ ಎಲ್ಲಿ ಹೋದನೋ ಅಲ್ಲಿ, ಅಕ್ಕ ಎಲ್ಲಿ ಎಂದಳೋ ಅಲ್ಲಿ. ಅವಳೂ ಮನೆಯಲ್ಲಿ ಕೂತು, ಅಪ್ಪನ ಮುಖ ನೋಡಿ, ತಾನೇ ಅಳಿಸಿರಬಹುದು. ಮುಫತ್ ಮಾರ್ಕಿಗೆ ಸೋತಿರಬಹುದು. ಸಾಧ್ಯವಿದೆ. ನನಗೆ ಅದು ಆಗಿರಲಿ ಎಂಬ ಆಸೆಯೂ ಇದೆ, ಆದ್ದರಿಂದ ಅದನ್ನು ನಂಬಲಾರೆ.

ಫಾರ್ಮನ್ನು ನನ್ನ ಚೀಲಕ್ಕೆ ಹಾಕಿಕೊಂಡು ಹೆದ್ದಾರಿಗೆ ಬಂದೆ. ರಸ್ತೆ ಅಗಲವಾಗಿದೆ. ಖಾಜಾಮಿಯಾರ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆಯವರು ಹಣ್ಣು ಮಾರುತ್ತಿದ್ದರು. "ಖಾಜಾಚಾಚಾ? ಅವ್ರು ಊರು ಬಿಟ್ಟು ಭಾಳ ವರ್ಷ ಆತ್ರಿ. ಹಣ್ಣ ಬೇಕೇನ್ರಿ?" ಎಂದರು. ಮಗಳ ಬಗ್ಗೆ ಕೇಳಬಹುದಿತ್ತು. ಬಸ್ಸು ಬಂತು.

ಹೋದ ವಾರ ಗಂಜಿನಲ್ಲಿ ಪ್ರಹ್ಲಾದರಾವ್ ಸಿಕ್ಕರು. ಬೇಳೆಯ ಅಂಗಡಿಯ ಮುಂದೆ, ಅಂಗೈಯಲ್ಲಿ ತೊಗರಿಬೇಳೆ ಹರವಿ ನೋಡುತ್ತಿದ್ದರು. ಬೆನ್ನು ಬಾಗಿದೆ. ಹೆಂಡತಿ ಹೋಗಿ ಎರಡು ವರ್ಷವಾಯಿತಂತೆ. "ಈಗ ಒಬ್ಬನಿಗೇ ಕುದಿಸೂದ್ರಿ. ಅಳತಿನೇ ತಿಳಿಯಂಗಿಲ್ಲ, ದಿನಾ ಉಳೀತದ," ಎಂದರು. ಬಹಳ ಹೊತ್ತು ಅದೂ ಇದೂ ಆದ ಮೇಲೆ ಕೇಳಿಯೇ ಬಿಟ್ಟೆ: "ಸರ್, ಆ ತಬಸ್ಸುಮಳ ಫಾರ್ಮು ನೆನಪದ ಏನ್ರಿ? ಬಸ್ಸಿನಾಗ ನೀವು ನನಗೊಂದ ಮಾತ ಕೇಳಿದ್ರಿ, ಇನ್ನಾ ಪೆನ್ಸಿಲ್ಲಿನಾಗೇ ಅವ ಅಲ್ಲೇನು ಅಂತ."

ಅವರು ಬೇಳೆಯನ್ನು ಮರಳಿ ಚೀಲಕ್ಕೆ ಸುರಿದರು. ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯ ಇತ್ತು.

"ನಾ ಎಲ್ಲಿ ಅಂದೆ, ಸುನಂದಾಬಾಯಿ? ಅದು ನೀವು ಅಂದ ಮಾತು. ಹತ್ತೊಂಬತ್ತು ಆಗ್ಯಾವ, ಇನ್ನಾ ಪೆನ್ಸಿಲ್ಲಿನಾಗೇ ಅವ ರೀ ಸರ್ ಅಂತ ನೀವೇ ಅಂದ್ರಿ. ನಾ ಕಿಡಕಿ ಕಡಿ ಮಾರಿ ಮಾಡಿ ಸುಮ್ಮನ ಕೂತೆ." ಅಂಗೈ ಒರೆಸಿಕೊಂಡು ಹೇಳಿದರು: "ಬ್ಯಾಡ ಅನಬೇಕಿತ್ತು. ಅನಲಿಲ್ಲ. ಅದೊಂದ ನಂದು ತಪ್ಪದ. ಇಷ್ಟು ವರ್ಷ ನೀವು ನನ್ನ ಸಲುವಾಗಿ ಮಾಡೀರಿ ಅಂತ ತಿಳ್ಕೊಂಡೀನಿ. ನಮ್ಮನಿಯಾಕಿಗೂ ಹಂಗ ಹೇಳಿದ್ದೆ, ಆಕಿ ಸಾಯೂಕಿಂತ ಮೊದಲ."

ಹಮಾಲರು ಚೀಲ ಹೊತ್ತು ಬಂದರು, ನಾವು ಪಕ್ಕಕ್ಕೆ ಸರಿದೆವು. ತೊಗರಿಯ ಧೂಳು ಮೂಗಿಗೆ ಬಂತು. ಅವರು ಕೊಡೆ ಬಿಚ್ಚಿದರು, ಬಿಸಿಲಿಗೆ.

ಅವರು ಸುಳ್ಳು ಹೇಳಲಿಲ್ಲ, ಅದು ನನಗೆ ಅವರ ಮುಖದಲ್ಲಿ ಕಂಡಿತು. ನಾನೂ ಸುಳ್ಳು ಹೇಳುತ್ತಿರಲಿಲ್ಲ. ಮನೆಗೆ ಬಂದು ಫಾರ್ಮನ್ನು ಮತ್ತೆ ತೆಗೆದು ನೋಡಿದೆ. ಶಾಯಿ ನನ್ನದು, ಅಷ್ಟು ಗೊತ್ತು. ಅದರ ಕೆಳಗೆ ಪೆನ್ಸಿಲ್ಲಿನ ಗುರುತು ಇದೆಯೇ, ಇದ್ದರೆ ಅದನ್ನು ಹಾಕಿದ ಕೈ ಯಾರದು, ಪಕ್ಕದ್ದನ್ನು ಅಳಿಸಿದ ಕೈ ಯಾರದು, ಗೊತ್ತಿಲ್ಲ. ತಬಸ್ಸುಮ್ ಈಗ ಎಲ್ಲಿದ್ದಾಳೆ, ಪರದೆಯ ಯಾವ ಕಡೆ ಕೂತಿದ್ದಾಳೆ, ಅದೂ ಗೊತ್ತಿಲ್ಲ.